ಇವತ್ತೊಂದು ದಿನದ ಪ್ರಾರ್ಥನೆ

ನಮ್ಮ ದುಮ್ಮವಾಡದ ಕಡೆ ಕುಡಿತ ಬಿಡಿಸುವುದಕ್ಕೆ ಮೊದಲ ಮದ್ದೆಂದರೆ ಆಣೆ. ಗಂಡನನ್ನು ಕರೆದುಕೊಂಡು ಉಳವಿಗೋ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ, ಯಾವುದಾದರೂ ದರ್ಗಾಕ್ಕೋ ಹೋಗಿ, "ಇನ್ನ ಮ್ಯಾಲೆ ಶೆರೆ ಮುಟ್ಟಂಗಿಲ್ಲ" ಎಂದು ದೇವರ ಮುಂದೆ ಹೇಳಿಸುತ್ತಾರೆ. ಈಚಿನ ವರ್ಷಗಳಲ್ಲಿ ಅಯ್ಯಪ್ಪನ ಮಾಲೆ ಹಾಕಿಸುವುದೂ ಉಂಟು. ಮಾಲೆ ಕೊರಳಲ್ಲಿ ಇರುವಷ್ಟು ದಿನ ಮನೆಯಲ್ಲಿ ನೆಮ್ಮದಿ, ಮಕ್ಕಳಿಗೆ ನಿದ್ದೆ. ಮಾಲೆ ತೆಗೆದ ಸಂಜೆಯೇ ಪಾಕೀಟು ಕಿಸೆಯಲ್ಲಿ! "ಅಕ್ಕೋರ, ದೇವರೂ ಸೋತಾನ್ರಿ ಇವರ ಮುಂದ" ಎಂದು ಒಬ್ಬ ತಾಯಿ ಶಾಲೆಯ ಕಟ್ಟೆಯ ಮೇಲೆ ಕೂತು ನನಗೆ ಹೇಳಿದ್ದಳು. ಅವಳ ಬೋರಮಾಳ ಆಗಲೇ ಹೋಗಿತ್ತು. ಮಗಳು ತರಗತಿಯಲ್ಲಿ ತೂಕಡಿಸುತ್ತಿದ್ದಳು.

ದೇವರು ಸೋತನೋ, ಆಣೆ ಸೋತಿತೋ? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಒಂದಿಷ್ಟು ಇತಿಹಾಸ ಓದಿದೆ. ನಾನು ಕ್ರೈಸ್ತಳಲ್ಲ. ಆದರೆ ಕುಡಿತದ ಬಗೆಗಿನ ಪ್ರಾರ್ಥನೆಯ ಕಥೆ ಹುಡುಕುತ್ತ ಹೊರಟರೆ ಕ್ರೈಸ್ತರ ಮನೆಯ ಬಾಗಿಲಿಗೆ ಬಂದೇ ಬರುತ್ತೇವೆ. ಅದರಲ್ಲೂ ಅಲ್ಲಿನ ಹೆಣ್ಣುಮಕ್ಕಳ ಬಾಗಿಲಿಗೆ.

ಅಮೆರಿಕದ ಒಹಾಯೊ ರಾಜ್ಯದಲ್ಲಿ ಹಿಲ್ಸ್‌ಬರೊ ಎಂಬ ಸಣ್ಣ ಊರು. 1873ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಅಲ್ಲಿನ ಎಪ್ಪತ್ತರ ಆಸುಪಾಸು ಹೆಂಗಸರು ಚರ್ಚಿನಿಂದ ಸಾಲಾಗಿ ಹೊರಟು ಹೆಂಡದಂಗಡಿಗಳ ಮುಂದೆ ನಿಂತರು. ಬೈಯಲಿಲ್ಲ, ಕಲ್ಲು ಎಸೆಯಲಿಲ್ಲ. ಮೊಣಕಾಲೂರಿ ಪ್ರಾರ್ಥನೆ ಮಾಡಿದರು, ಹಾಡಿದರು. ಮುಂದೆ ನಡೆದವಳು ಎಲೈಜಾ ಥಾಂಪ್ಸನ್, ದೊಡ್ಡ ಮನೆತನದ ಹೆಣ್ಣುಮಗಳು. ಆಕೆಯ ಸ್ವಂತ ಮಗನೇ ಕುಡಿತಕ್ಕೆ ಬಲಿಯಾದವನು. ಆ ಚಳಿಗಾಲವೆಲ್ಲ ಈ ಪ್ರಾರ್ಥನೆ ಊರಿಂದ ಊರಿಗೆ ಹಬ್ಬಿತು. ಮರುವರ್ಷ, 1874ರಲ್ಲಿ, ಅದೇ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಕ್ರೈಸ್ತ ಮಹಿಳೆಯರ ಪಾನನಿರೋಧ ಸಂಘ ಹುಟ್ಟಿತು. ಮುಂದೆ ಫ್ರಾನ್ಸಿಸ್ ವಿಲ್ಲರ್ಡ್ ಅದರ ಅಧ್ಯಕ್ಷೆಯಾದಳು. ಮತದಾನದ ಹಕ್ಕೂ ಇರದ ಹೆಂಗಸರು ಕಟ್ಟಿದ ಸಂಘ ಅದು.

ಈ ಸಂಘದ ನೆರಳಿಗೆ ನಮ್ಮ ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬಳೂ ಹೋಗಿ ನಿಂತಿದ್ದಳು ಎನ್ನುವುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವಳು. ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಬಳಿಯ ಮಾಳದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿ, 1886ರಿಂದ ಎರಡು ವರ್ಷಕ್ಕೂ ಮೇಲೆ ಅಮೆರಿಕದಲ್ಲಿ ತಿರುಗಾಡಿದಳು. ಅಲ್ಲಿ ಈ ಸಂಘದ ಕೆಲಸವನ್ನು ಹತ್ತಿರದಿಂದ ಕಂಡು, ತನ್ನ ಮರಾಠಿ ಪ್ರವಾಸ ಗ್ರಂಥದಲ್ಲಿ ಮೆಚ್ಚಿ ಬರೆದಳು. ಬಾಲವಿಧವೆಯರಿಗಾಗಿ ಕೇಡಗಾಂವದಲ್ಲಿ ಆಕೆ ಕಟ್ಟಿದ ಮುಕ್ತಿ ಸದನವನ್ನು ಎಲ್ಲರೂ ಬಲ್ಲರು. ಮದ್ಯದ ಪ್ರಶ್ನೆಯೂ ಹೆಣ್ಣಿನ ಪ್ರಶ್ನೆಯೇ ಎಂದು ಆಗಲೇ ಕಂಡುಕೊಂಡವಳು ಎಂಬುದನ್ನು ಮರೆತುಬಿಟ್ಟಿದ್ದೇವೆ.

ನಮ್ಮ ಜಿಲ್ಲೆಗೆ ಬಾಸೆಲ್ ಮಿಷನ್ನಿನವರು ಬಂದದ್ದು ಇದಕ್ಕೂ ಬಹಳ ಮೊದಲು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ. ಕಿಟೆಲ್ ಸಾಹೇಬರ ನಿಘಂಟನ್ನೂ, ಬೆಟಗೇರಿಯ ಜರ್ಮನ್ ಆಸ್ಪತ್ರೆಯನ್ನೂ ನಾವು ನೆನೆಯುತ್ತೇವೆ. ಆದರೆ ಮಂಗಳೂರ ಕಡೆ ಅವರು ಎದುರಿಸಿದ ಒಂದು ಪೇಚು ನನಗೆ ಹೆಚ್ಚು ಪಾಠ ಕಲಿಸಿತು. ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ. ಸೇಂದಿ ಇಳಿಸುವುದು ಅವರಲ್ಲಿ ಅನೇಕರ ಕಸುಬು. ಅದು ಸಭೆಯವರಿಗೆ ತಕ್ಕದ್ದಲ್ಲ ಎಂದು ಮಿಷನ್ನಿನವರು ಹೇಳಿದರು. ಸರಿ, ಹೊಟ್ಟೆಗೆ? ಪ್ರಾರ್ಥನೆಯೊಂದರಿಂದ ಒಲೆ ಉರಿಯುವುದಿಲ್ಲವಲ್ಲ! ಮಿಷನ್ನು ಮಗ್ಗ ಹಾಕಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹಂಚು ಬಂದದ್ದಕ್ಕೆ ಕಾರಣಗಳು ಹಲವು. ಹೆಂಡ ಬಿಟ್ಟವರಿಗೆ ಕೆಲಸ ಬೇಕಾಗಿತ್ತು ಎಂಬುದೂ ಅವುಗಳಲ್ಲಿ ಒಂದು. ನಮ್ಮ ಹನ್ನೆರಡನೆಯ ಶತಮಾನದಲ್ಲಿ ಹೆಂಡದ ಮಾರಯ್ಯ ಎಂಬ ಶರಣನಿದ್ದ, ಹೆಂಡ ಮಾರುವುದೇ ಆತನ ಕಾಯಕ. ಆತನನ್ನು ಅನುಭವ ಮಂಟಪದವರು ಹೊರಗೆ ನಿಲ್ಲಿಸಲಿಲ್ಲ. ಯಾವುದು ಸರಿ ಎಂದು ತೀರ್ಪು ಕೊಡುವುದು ನನಗೆ ಸುಲಭವಲ್ಲ.

ಈವರೆಗಿನದೆಲ್ಲ ಹೆಂಡವನ್ನು ಊರಿಂದ ಹೊರಗೆ ಹಾಕುವ ಪ್ರಯತ್ನ. ಮನುಷ್ಯನ ಒಳಗಿಂದ ಹೊರಗೆ ಹಾಕುವ ಕಥೆ ಬೇರೆಯೇ ಇದೆ. ಅದೂ ಒಹಾಯೊ ರಾಜ್ಯದಲ್ಲೇ ನಡೆಯಿತು ಎನ್ನುವುದು ಆಶ್ಚರ್ಯ. ಅಮೆರಿಕದ ಪಾನನಿಷೇಧ 1920ರಲ್ಲಿ ಬಂದು 1933ರಲ್ಲಿ ಮುಗಿದುಹೋಗಿತ್ತು.

ನ್ಯೂಯಾರ್ಕಿನ ಶೇರುಪೇಟೆಯಲ್ಲಿ ಗಳಿಸಿ ಕಳೆದುಕೊಂಡ ಬಿಲ್ ವಿಲ್ಸನ್ ಎಂಬವನು 1934ರ ಡಿಸೆಂಬರಿನಲ್ಲಿ ಕುಡಿತದಿಂದ ಮತ್ತೊಮ್ಮೆ ಆಸ್ಪತ್ರೆ ಸೇರಿದ. ಹಳೆಯ ಕುಡುಕ ಗೆಳೆಯನೊಬ್ಬ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಪ್ರಾರ್ಥನಾ ಪಂಗಡ ಸೇರಿ ಕುಡಿತ ಬಿಟ್ಟು ಬಂದು ಅವನಿಗೆ ದಾರಿ ಹೇಳಿದ್ದ. ನಂಬಿಕೆ ಇಲ್ಲದೆಯೇ, ಬೇರೆ ಗತಿ ಕಾಣದೆ, ವಿಲ್ಸನ್ ಆಸ್ಪತ್ರೆಯ ಹಾಸಿಗೆಯಲ್ಲಿ ದೇವರನ್ನು ಕೂಗಿದ. ಕೋಣೆ ಬೆಳಕಾಯಿತು ಎಂದು ಹೇಳಿಕೊಂಡಿದ್ದಾನೆ. ಅದು ದೇವರೋ, ಔಷಧದ ಗುಂಗೋ ಎಂದು ಜನ ಇನ್ನೂ ವಾದಿಸುತ್ತಾರೆ. ಅವನು ಮತ್ತೆ ಕುಡಿಯಲಿಲ್ಲ ಎಂಬುದರ ಬಗ್ಗೆ ಮಾತ್ರ ವಾದವಿಲ್ಲ.

ಐದು ತಿಂಗಳ ಮೇಲೆ, 1935ರ ಮೇ ತಿಂಗಳಲ್ಲಿ, ಅವನು ವ್ಯವಹಾರಕ್ಕೆಂದು ಒಹಾಯೊದ ಆ್ಯಕ್ರನ್ ಪಟ್ಟಣಕ್ಕೆ ಹೋದ. ಕೆಲಸ ಕೆಟ್ಟಿತು. ಹೋಟೆಲಿನ ಹಜಾರದಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ದರೆ ತಾನು ಕುಡಿಯುವುದು ಖಂಡಿತ ಎಂದು ಅವನಿಗೆ ತಿಳಿಯಿತು. ಟೆಲಿಫೋನಿನ ಕಡೆ ನಡೆದ. ಒಬ್ಬ ಪಾದ್ರಿಯಿಂದ ಶುರುವಾದ ಕರೆಗಳು ಕಡೆಗೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆಯನ್ನು ಮುಟ್ಟಿದವು. ದೊಡ್ಡ ಟೈರು ಕಂಪನಿಯ ಮನೆತನದ ಸೊಸೆ. ಗಂಡನಿಂದ ದೂರವಾಗಿ, ಮಾವನ ಅರಮನೆಯಂಥ ಬಂಗಲೆಯ ಹೆಬ್ಬಾಗಿಲ ಮನೆಯಲ್ಲಿ ಮಕ್ಕಳೊಡನೆ ಇದ್ದವಳು. ಆಕೆಯ ಪ್ರಾರ್ಥನಾ ಕೂಟದಲ್ಲಿ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ ಕೆಲ ವಾರಗಳ ಹಿಂದೆ ತನ್ನ ಗುಟ್ಟಿನ ಕುಡಿತವನ್ನು ಒಪ್ಪಿಕೊಂಡಿದ್ದ. ಎಲ್ಲರೂ ಮೊಣಕಾಲೂರಿ ಅವನಿಗಾಗಿ ಬೇಡಿಕೊಂಡಿದ್ದರು. ಅಪರಿಚಿತನ ಕರೆ ಬಂದಾಗ ಹೆನ್ರಿಯೆಟಾಗೆ ಅದು ಆ ಪ್ರಾರ್ಥನೆಗೆ ಬಂದ ಉತ್ತರವೆಂದೇ ಅನ್ನಿಸಿತು. ಮರುದಿನ, ತಾಯಂದಿರ ದಿನದ ಸಂಜೆ, ಇಬ್ಬರನ್ನೂ ಕೂಡಿಸಿದಳು. ಹದಿನೈದು ನಿಮಿಷ ಮಾತ್ರ ಎಂದು ಬಂದ ಡಾಕ್ಟರು ರಾತ್ರಿ ಹನ್ನೊಂದರವರೆಗೆ ಕೂತ. ವಿಲ್ಸನ್ ಉಪದೇಶ ಮಾಡಲಿಲ್ಲ, ತನ್ನ ಕಥೆಯನ್ನಷ್ಟೇ ಹೇಳಿದ. ಡಾಕ್ಟರ ಕಡೆಯ ಗುಟುಕು 1935ರ ಜೂನ್ 10. ಆಲ್ಕೊಹಾಲಿಕ್ಸ್ ಅನಾನಿಮಸ್, ಜನ ಬಾಯಿತುಂಬ ಎಎ ಎನ್ನುವ ಕೂಟದ ಹುಟ್ಟುಹಬ್ಬ ಅದೇ ದಿನ.

ಆ ಬೇಸಿಗೆ ವಿಲ್ಸನ್ ಡಾಕ್ಟರ ಮನೆಯಲ್ಲೇ ಉಳಿದ. ಡಾಕ್ಟರ ಹೆಂಡತಿ ಆ್ಯನ್ ಬೆಳಿಗ್ಗೆ ಬೈಬಲ್ ಓದುತ್ತಿದ್ದಳು, ಹೆಚ್ಚಾಗಿ ಯಾಕೋಬನ ಪತ್ರಿಕೆ. ಆಮೇಲೆ ಮೌನ, ಆಮೇಲೆ ಅಡಿಗೆ. ನಡುಗುವ ಕೈಗಳ ಗಂಡಸರನ್ನು ಒಬ್ಬೊಬ್ಬರಾಗಿ ಆ ಮನೆಗೆ ತಂದು ಮಲಗಿಸುತ್ತಿದ್ದರು. ಊಟ ಹಾಕಿದವಳ ಹೆಸರು ಚರಿತ್ರೆಯಲ್ಲಿ ಎಲ್ಲೂ ದಪ್ಪಕ್ಷರದಲ್ಲಿ ಇರುವುದಿಲ್ಲ, ಇದು ನಮಗೆ ಹೊಸದಲ್ಲ.

ನನಗೆ ಎಲ್ಲರಿಗಿಂತ ಹತ್ತಿರವಾದವಳು ಸಿಸ್ಟರ್ ಇಗ್ನೇಷಿಯಾ. ಐರ್ಲೆಂಡಿನಲ್ಲಿ ಹುಟ್ಟಿದ ಕ್ಯಾಥೊಲಿಕ್ ಸನ್ಯಾಸಿನಿ, ಸಂಗೀತದ ಮಾಸ್ತರಿಣಿ. ದುಡಿದು ದುಡಿದು ಮನಸ್ಸು ಕುಸಿದಾಗ ಆಕೆಯನ್ನು ಆ್ಯಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಹಗುರ ಕೆಲಸಕ್ಕೆ ಹಾಕಿದರು. ಆಗಿನ ಆಸ್ಪತ್ರೆಗಳು ಕುಡುಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1939ರ ಆಗಸ್ಟಿನಲ್ಲಿ ಡಾಕ್ಟರ್ ಬಾಬ್ ಕೇಳಿದಾಗ ಈ ತಾಯಿ ಹೊಟ್ಟೆಯುರಿಯ ಕಾಯಿಲೆ ಎಂದು ಬರೆದು ಒಬ್ಬನನ್ನು ಒಳಗೆ ತೆಗೆದುಕೊಂಡಳು. ಹೂವು ಜೋಡಿಸುವ ಚಿಕ್ಕ ಕೋಣೆಯಲ್ಲಿ ಅವನ ಹಾಸಿಗೆ! ಮುಂದೆ ಅವರಿಬ್ಬರೂ ಸೇರಿ ಸುಮಾರು 5,000 ಜನರಿಗೆ ಆರೈಕೆ ಮಾಡಿದರು. ಮನೆಗೆ ಹೊರಟವನ ಕೈಗೆ ಆಕೆ ಯೇಸುವಿನ ತಿರುಹೃದಯದ ಪುಟ್ಟ ಬಿಲ್ಲೆ ಕೊಡುತ್ತಿದ್ದಳು. ಷರತ್ತು ಒಂದೇ: ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಇದನ್ನು ನನಗೆ ಹಿಂತಿರುಗಿಸಿ ಆಮೇಲೆ ಕುಡಿ. ನಮ್ಮ ಆಣೆಗೂ ಇದಕ್ಕೂ ಇರುವ ಅಂತರ ನೋಡಿರಿ. ಆಣೆ ಮುರಿದವನು ದೇವರಿಗೂ ಹೆಂಡತಿಗೂ ಮುಖ ತೋರಿಸಲಾರದೆ ಇನ್ನಷ್ಟು ಕುಡಿಯುತ್ತಾನೆ. ಇಲ್ಲಿ ಬೀಳುವ ಮೊದಲೇ ಬಂದು ಮುಖ ತೋರಿಸಬೇಕು. ಆಣೆ ಜೀವಮಾನದ್ದು. ಈ ಕೂಟದವರ ಪ್ರಾರ್ಥನೆ ಇಪ್ಪತ್ನಾಲ್ಕು ತಾಸಿನದು. ಇವತ್ತೊಂದು ದಿನ ಬೇಡ, ನಾಳಿನದು ನಾಳೆ.

1939ರಲ್ಲಿ ಅವರ ಪುಸ್ತಕ ಅಚ್ಚಾಗುವಾಗ ದೊಡ್ಡ ಜಗಳವೇ ಆಯಿತು. ಕ್ರಿಸ್ತನ ಹೆಸರು ಇರಲಿ ಎಂದು ಕೆಲವರು, ದೇವರೇ ಬೇಡ ಎಂದು ಕೆಲವರು. ಕಡೆಗೆ ಅವರವರು ತಿಳಿದಂತೆ ದೇವರು ಎಂಬ ಮಾತಿನಲ್ಲಿ ರಾಜಿಯಾಯಿತು. ಕ್ರೈಸ್ತ ಪ್ರಾರ್ಥನೆ ತನ್ನ ಹೆಸರನ್ನು ಬಾಗಿಲಲ್ಲಿ ಕಳಚಿಟ್ಟು ಒಳಗೆ ಬಂದದ್ದರಿಂದಲೇ ಅದು ಎಲ್ಲರ ಮನೆಗೂ ಹೋಗಬಲ್ಲದ್ದಾಯಿತು ಎಂದು ನನ್ನ ಎಣಿಕೆ. ರೈನ್‌ಹೋಲ್ಡ್ ನೀಬೂರ್ ಎಂಬ ಧರ್ಮಶಾಸ್ತ್ರಜ್ಞರದೆನ್ನುವ, ಸಮಾಧಾನ, ಧೈರ್ಯ, ವಿವೇಕ ಈ ಮೂರನ್ನು ಬೇಡುವ ಪುಟ್ಟ ಪ್ರಾರ್ಥನೆಯನ್ನು ಇಂದು ಎಲ್ಲ ಮತದವರೂ ಈ ಕೂಟಗಳಲ್ಲಿ ಹೇಳುತ್ತಾರೆ.

ಭಾರತದಲ್ಲಿ ಈ ಕೂಟ ಶುರುವಾದದ್ದು 1957ರಲ್ಲಿ, ಮುಂಬಯಿಯಲ್ಲಿ. ಅದೇ ಮುಂಬಯಿಯಲ್ಲಿ, ತಾನೇ ಕುಡಿತಕ್ಕೆ ಸಿಕ್ಕಿ ಹೊರಬಂದ ಪಾದ್ರಿ ಜೋ ಪೆರೇರಾ 1981ರಲ್ಲಿ ಕೃಪಾ ಫೌಂಡೇಶನ್ ಸ್ಥಾಪಿಸಿದರು. ಎಎದ ಹನ್ನೆರಡು ಮೆಟ್ಟಿಲುಗಳ ಜೊತೆಗೆ ಅವರು ಕಲಿಸಿದ್ದು ಯೋಗ. ಗುರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಕ್ಯಾಥೊಲಿಕ್ ಪಾದ್ರಿ, ಅಯ್ಯಂಗಾರರ ಶಿಷ್ಯ! 2009ರಲ್ಲಿ ಪದ್ಮಶ್ರೀ ಬಂತು. ಮದ್ರಾಸಿನಲ್ಲಿ ಕುಡಿತದಿಂದ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಗಂಡನ ಹೆಸರಲ್ಲೇ ಚಿಕಿತ್ಸಾ ಸಂಸ್ಥೆ ಕಟ್ಟಿದರು. ನಮ್ಮಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆದಿವೆ. ಅಲ್ಲಿ ಭಜನೆ, ಆಮೇಲೆ ನವಜೀವನ ಸಮಿತಿ. ಹೆಸರು ಬೇರೆ, ಆದರೆ ಬಿಟ್ಟವರು ಬಿಟ್ಟವರ ಜೊತೆ ಕೂಡಿ ಕೂರುವುದು ಅದೇ.

ಕಾನೂನಿನ ಕಥೆ ಬೇಗ ಮುಗಿಯುತ್ತದೆ. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1949ರ ಪಾನನಿಷೇಧ ಕಾಯಿದೆ ನಮಗೂ ಬಂತು, ಮೈಸೂರು ಸೇರಿದ ಮೇಲೆ 1960ರ ದಶಕದಲ್ಲಿ ಸಡಿಲವಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪಾಕೀಟು ಬಂದು ಕೂತಿತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ನಡೆದು ಹೋದದ್ದು ಇದೇ ಸಂಕಟಕ್ಕೆ. ಹಿಲ್ಸ್‌ಬರೊದ ಹೆಂಗಸರ ನಡಿಗೆಗೂ ಇವರ ನಡಿಗೆಗೂ ನಡುವೆ 145 ವರ್ಷ.

ಸೋದರಿಯರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಬಹುಕಾಲ ಕುಡಿದವನು ಒಮ್ಮೆಲೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಕ, ಇಲ್ಲದ್ದು ಕಾಣುವುದು, ಫಿಟ್ಸು ಬರಬಹುದು, ಜೀವಕ್ಕೂ ಅಪಾಯ. ಪ್ರಾರ್ಥನೆ ಮಾಡಿರಿ, ಮೊದಲು ವೈದ್ಯರ ಹತ್ತಿರ ಕರೆದೊಯ್ಯಿರಿ. ವಿಲ್ಸನ್ ದೇವರನ್ನು ಕೂಗಿದ್ದೂ ಆಸ್ಪತ್ರೆಯಿಂದಲೇ ಅಲ್ಲವೇ? ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಪುಡಿಗಳನ್ನಂತೂ ಮುಟ್ಟಬೇಡಿ. ಧಾರವಾಡದ ದೊಡ್ಡ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್, 1845ರಷ್ಟು ಹಳೆಯದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಮುಕ್ತಿ ವಿಭಾಗ 1991ರಿಂದ ಇದೆ. ಆದರೂ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಕೂಟಗಳಿಂದ ಪ್ರಯೋಜನವುಂಟೇ ಎಂಬುದಕ್ಕೂ ಈಗ ಆಧಾರವಿದೆ. 2020ರ ಕಾಕ್ರೇನ್ ವಿಮರ್ಶೆ 27 ಅಧ್ಯಯನಗಳನ್ನು ಒಟ್ಟುಗೂಡಿಸಿ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಎಎ ದಾರಿ ಬೇರೆ ಚಿಕಿತ್ಸೆಗಳಿಗಿಂತ ಕಡಿಮೆಯಿಲ್ಲ, ಕೆಲವೆಡೆ ಮೇಲು ಎಂದು ಕಂಡಿತು.

ಇನ್ನು ವಿಲ್ಸನ್ನನ ಹೆಂಡತಿ ಲೋಯಿಸ್. ಹದಿನೇಳು ವರ್ಷ ಗಂಡನನ್ನು ಸಂಭಾಳಿಸಿದವಳು, ಅಂಗಡಿಯಲ್ಲಿ ದುಡಿದು ಮನೆ ನಡೆಸಿದವಳು. ಗಂಡ ಕುಡಿತ ಬಿಟ್ಟ ಮೇಲೆ ಒಂದು ದಿನ, "ಸಭೆಗೆ ಹೊತ್ತಾಯಿತು, ನಡೆ" ಎಂದು ಅವನು ಅವಸರ ಮಾಡಿದಾಗ ಅವಳು ಕೈಯಲ್ಲಿದ್ದ ಬೂಟನ್ನೇ ಬೀಸಿ ಎಸೆದಳು. ಅವನು ಗುಣವಾಗಿದ್ದ, ಅವಳು ಆಗಿರಲಿಲ್ಲ. ಅಷ್ಟು ವರ್ಷ ತಾನು ಬೇಡಿದ್ದೆಲ್ಲ ಅವನ ಸಲುವಾಗಿ, ತನಗಾಗಿ ಏನೂ ಬೇಡಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಗಂಡಂದಿರ ಸಭೆ ಮುಗಿಯುವವರೆಗೆ ಹೊರಗೆ ಕಾರಿನಲ್ಲಿ ಕೂತಿರುತ್ತಿದ್ದ ಹೆಂಡಂದಿರನ್ನು ಒಳಗೆ ಕರೆದಳು. 1951ರಲ್ಲಿ ಗೆಳತಿಯೊಬ್ಬಳ ಜೊತೆ ಸೇರಿ ಕುಡುಕರ ಮನೆಯವರಿಗಾಗಿ ಆಲ್-ಅನಾನ್ ಕಟ್ಟಿದಳು. ಗಂಡಂದಿರ ಹನ್ನೆರಡು ಮೆಟ್ಟಿಲುಗಳನ್ನೇ ಇಟ್ಟುಕೊಂಡು, ಕೊನೆಯ ಮೆಟ್ಟಿಲಿನಲ್ಲಿ ಕುಡುಕರು ಎಂದಿದ್ದಲ್ಲಿ ಇತರರು ಎಂದಷ್ಟೇ ಬದಲಿಸಿದರು. ಮದ್ಯದ ಮುಂದೆ ನಮ್ಮ ಬಲ ನಡೆಯದು ಎಂದು ಒಪ್ಪಿಕೊಳ್ಳುವ ಮೊದಲ ಮೆಟ್ಟಿಲನ್ನು, ಒಂದು ಹನಿಯನ್ನೂ ಕುಡಿಯದ ಆ ಹೆಂಗಸರು, ಇದ್ದ ಹಾಗೆಯೇ ಬಿಟ್ಟರು.