ಸ್ನಾಯುಕ್ಷಯ ರೋಗಿಗಳಿಗೆ ಔಷಧ ನೆರವು ಬಂದ ಹಾದಿ

ಕಫೆರ್ನವುಮಿನ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಬಿಚ್ಚಿ ಯೇಸುಸ್ವಾಮಿಯ ಮುಂದೆ ಇಳಿಸಿದ ವೃತ್ತಾಂತವನ್ನು ನಾವೆಲ್ಲರೂ ಬಲ್ಲೆವು. ದೇವಾಲಯದ ಶತಮಾನೋತ್ಸವದ ಈ ಸಂದರ್ಭದಲ್ಲಿ, ನಡೆಯಲಾರದವರಿಗೆ ದೊರೆತ ನೆರವಿನ ಚರಿತ್ರೆಯನ್ನೂ ಸ್ಮರಿಸುವುದು ಉಚಿತವಾಗಿದೆ.

ಗಂಡುಮಕ್ಕಳ ಸ್ನಾಯುಗಳನ್ನು ಕ್ರಮೇಣ ಸವೆಸುವ ರೋಗವೊಂದನ್ನು ಫ್ರಾನ್ಸಿನ ವೈದ್ಯ ಡುಶೆನ್ 1860ರ ದಶಕದಲ್ಲಿ ವಿವರಿಸಿದನು. ಆ ರೋಗಕ್ಕೆ ಅವನ ಹೆಸರೇ ನಿಂತಿತು. ನಡಿಗೆಯನ್ನು ಕೆಲವು ಕಾಲ ಉಳಿಸುವ ಸ್ಟೀರಾಯ್ಡ್ ಮಾತ್ರೆಗಳ ಬೆಲೆ ಅಲ್ಪ. ವಂಶವಾಹಿಯ ದೋಷವನ್ನೇ ಗುರಿಯಾಗಿಸಿದ ಹೊಸ ಔಷಧಗಳಿಗಾದರೋ ಕೋಟಿಗಟ್ಟಲೆ ಹಣ ಬೇಕು.

ನಮ್ಮ ದೇಶದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸ್ನಾಯುಕ್ಷಯವನ್ನು ಅಂಗವೈಕಲ್ಯವೆಂದು ಅಂಗೀಕರಿಸಿತು. ಅಪರೂಪದ ರೋಗಗಳ 2021ರ ರಾಷ್ಟ್ರೀಯ ನೀತಿಯು ಮೊದಲನೆಯ ಗುಂಪಿನ ರೋಗಗಳಿಗೆ 20 ಲಕ್ಷ ರೂಪಾಯಿಗಳವರೆಗೆ ನೆರವಿತ್ತು, ಮೂರನೆಯ ಗುಂಪಿನ ಡುಶೆನ್ ರೋಗಿಗಳಿಗೆ ದಾನಿಗಳ ಔದಾರ್ಯವನ್ನಷ್ಟೇ ತೋರಿಸಿತು. 2022ರ ಮೇ ತಿಂಗಳಲ್ಲಿ ಎಲ್ಲ ಗುಂಪುಗಳಿಗೂ 50 ಲಕ್ಷದವರೆಗಿನ ನೆರವು ವಿಸ್ತರಿಸಿತು. ಈ ಹಣ ರೋಗಿಯ ಕೈಗೆ ಬಾರದು. ಸರ್ಕಾರ ಗುರುತಿಸಿದ ಕೇಂದ್ರಗಳ ಮೂಲಕವೇ ಚಿಕಿತ್ಸೆಗೆ ಸಲ್ಲುತ್ತದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಗಳು ಅಂಥವು. ಹಳೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಚಿಂಚೋಳಿ ಸೀಮೆಯ ಐನಾಪುರಕ್ಕೆ ಇಂದಿಗೂ ಹೈದರಾಬಾದೇ ಸಮೀಪ.

ಜೀವಮಾನವಿಡೀ ಬೇಕಾಗುವ ಔಷಧಕ್ಕೆ ಈ ಮೊತ್ತ ಸಾಲದು, ನಿಜ. ಆದರೆ ಕೂಲಿ ಬಿಟ್ಟು ಹೊರಡಲಾರದ ತಾಯಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಅರ್ಜಿ ಬರೆದುಕೊಡುವುದು, ಬಸ್ಸಿನ ವೆಚ್ಚ ಭರಿಸುವುದು, ಮಗುವನ್ನು ಎತ್ತಿಕೊಂಡು ಜೊತೆಯಲ್ಲಿ ಹೋಗುವುದು ಧರ್ಮಕೇಂದ್ರದಿಂದ ಸಾಧ್ಯವಾದ ಸೇವೆಗಳು. ಎರಡನೆಯ ಶತಮಾನವನ್ನು ನಾವು ಈ ಸೇವೆಯಿಂದಲೇ ಆರಂಭಿಸೋಣ.