ಹಿಮಾಲಯದ ಹಿಮ, ಹುಣಸೂರಿನ ಮಳೆ

ಮುಂಗಾರು ತಡವಾದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ನಾವು ಕೇರಳದ ಕಡೆ ನೋಡುತ್ತೇವೆ. ಕಬಿನಿಗೆ ನೀರು ಬರುವುದೂ ಆ ಕಡೆಯಿಂದಲೇ. ಆದರೆ 1884ರಲ್ಲಿ ಒಬ್ಬ ಅಧಿಕಾರಿ ನೋಡಿದ್ದು ಹಿಮಾಲಯದ ಕಡೆ.

ಅದರ ಹಿಂದೆ ಧಾತು ಈಶ್ವರದ ಬರವಿತ್ತು. 1876, 1877ರಲ್ಲಿ ಮಳೆ ಕೈಕೊಟ್ಟಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಆ ಹತ್ತು ವರ್ಷದಲ್ಲಿ ಹುಟ್ಟಿದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದರೆ ಹೋದವರು ಇನ್ನೂ ಹೆಚ್ಚು.

ಭಾರತದ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ. ಅದರ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ದಾಖಲೆ ತಿರುವಿಹಾಕಿ ಬರೆದರು: ಹಿಮಾಲಯದಲ್ಲಿ ಹಿಮ ಜಾಸ್ತಿ ಬಿದ್ದ ವರ್ಷ ಮುಂಗಾರು ಸೊರಗುತ್ತದೆ. ಇದೇ ಆಧಾರದಲ್ಲಿ 1886ರಲ್ಲಿ ಮಳೆಯ ಮುನ್ಸೂಚನೆಯೂ ಹೊರಬಂತು. ಕೈಗೆ ಸಿಕ್ಕ ಅರೆಬರೆ ದಾಖಲೆಯಲ್ಲಿ ಇಷ್ಟು ಕಂಡಿದ್ದೇ ದೊಡ್ಡದು ಅನ್ನಿಸುತ್ತದೆ ನಮಗೆ.

ಮಧ್ಯಾಹ್ನ ಸುಣ್ಣ ಬಳಿದ ಗೋಡೆ ಮುಟ್ಟಿ, ಆಮೇಲೆ ಡಾಂಬರು ರಸ್ತೆಯ ಮೇಲೆ ಬರಿಗಾಲಿಡಿ, ಕಾರಣ ಗೊತ್ತಾಗುತ್ತದೆ. ಹೊಸದಾಗಿ ಬಿದ್ದ ಹಿಮ ಬಿಸಿಲಿನ 100 ಪಾಲಿನಲ್ಲಿ 80ಕ್ಕೂ ಹೆಚ್ಚನ್ನು ಆಕಾಶಕ್ಕೇ ವಾಪಸ್ ಕಳಿಸುತ್ತದೆ. ಉಳಿದದ್ದರಲ್ಲಿ ಬಹುಪಾಲು ಹಿಮ ಕರಗಿಸುವುದಕ್ಕೇ ಖರ್ಚು. ನೆಲ ಕಾಯುವುದು ತಡವಾದರೆ ಕಡಲಿನ ತೇವದ ಗಾಳಿಯನ್ನು ಎಳೆಯುವ ಬಲವೂ ಕಡಿಮೆ.

ಮಳೆಯನ್ನು ಹಿಮವೊಂದೇ ತೀರ್ಮಾನಿಸುವುದಿಲ್ಲ. 1877ರಲ್ಲಿ ಪೆಸಿಫಿಕ್ ಸಾಗರ ಬಿಸಿಯಾಗಿ ಎಲ್ ನಿನೊ ಜೋರಾಗಿತ್ತು, ಅದು ಬ್ಲಾನ್‌ಫೋರ್ಡರಿಗೆ ಗೊತ್ತಿರಲಿಲ್ಲ. ಆದರೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಹಿಮದ ಗುಣ ಸುಳ್ಳಲ್ಲ. ಈಗ ಉತ್ತರ ಧ್ರುವದ ಕಡಲಿನಲ್ಲಿ ಅದೇ ಲೆಕ್ಕ ತಿರುವುಮುರುವಾಗಿದೆ. ಬಿಳಿ ಮಂಜುಗಡ್ಡೆ ಕರಗಿದಲ್ಲೆಲ್ಲ ಕಪ್ಪು ನೀರು. ಅದು ವಾಪಸ್ ಕೊಡುವುದು 100ರಲ್ಲಿ ಸುಮಾರು 6 ಪಾಲು. ಮಿಕ್ಕಿದ್ದನ್ನು ನುಂಗಿ ತಾನು ಕಾಯುತ್ತದೆ, ಪಕ್ಕದ ಮಂಜುಗಡ್ಡೆಯನ್ನೂ ಕರಗಿಸುತ್ತದೆ.