ಬುಧವಾರದ ರಜೆ

ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಮೂರು ದಿನ ಮುಂಬಯಿಗೆ ಕರೆದುಕೊಂಡು ಹೋಗೋಣ ಎಂದು ನಾನೂ ನನ್ನ ಗಂಡನೂ ತೀರ್ಮಾನಿಸಿದಾಗ ಮಗಳಿಗೆ ಏಳು, ಮಗನಿಗೆ ನಾಲ್ಕು. ಪುಣೆಯಲ್ಲಿರುವ ನಮಗೆ ಮುಂಬಯಿ ದೂರದ ಊರಲ್ಲ. ಆದರೂ ಆಫೀಸಿನ ಕೆಲಸಕ್ಕೆ ಹೋಗಿ ಅಂದೇ ವಾಪಸು ಬರುವುದು ಬೇರೆ, ಊರು ನೋಡಲೆಂದೇ ಹೋಗುವುದು ಬೇರೆ. ನಮ್ಮ ಜೊತೆಗೇ ಇರುವ ಅಪ್ಪಯ್ಯನನ್ನೂ ಕರೆದೆ.

"ಮುಂಬೈಯಂಗೆ ಮಕ್ಳಿಗೆ ಕಾಂಬುಕೆ ಎಂತ ಇತ್ತ್ ಮಾರಾಯ್ತಿ?" ಎಂದರು.

ನಾನು ಪಟ್ಟಿ ಓದಿದೆ. ಮಂಗಳವಾರ ವಿಟಿ ಸ್ಟೇಶನ್ ಮತ್ತು ಗೇಟ್‌ವೇ, ಬುಧವಾರ ರಾಣಿಬಾಗ್, ಗುರುವಾರ ಮ್ಯೂಸಿಯಂ. ಅವರು ಪೇಪರಿನಿಂದ ತಲೆ ಎತ್ತದೆ, "ರಾಣಿಬಾಗ್ ಬುಧವಾರ ಬಂದ್" ಎಂದರು. ಮೊಬೈಲಿನಲ್ಲಿ ನೋಡಿದೆ. ಹೌದು, ವಾರದ ರಜೆ ಬುಧವಾರವೇ. ಮ್ಯೂಸಿಯಮ್ಮನ್ನು ಬುಧವಾರಕ್ಕೂ ರಾಣಿಬಾಗನ್ನು ಗುರುವಾರಕ್ಕೂ ಬದಲಿಸಿದೆ. ಇದು ಅವರಿಗೆ ಹೇಗೆ ಗೊತ್ತು ಎಂದು ಆಗ ಕೇಳಲಿಲ್ಲ. ಕೊನೆಗೆ ಅವರೂ ಹೊರಟರು, ಮೊಮ್ಮಗಳು ಹಟ ಹಿಡಿದದ್ದಕ್ಕೆ.

ಬೆಳಿಗ್ಗೆ 7:15ರ ಡೆಕ್ಕನ್ ಕ್ವೀನ್. ಈ ರೈಲು ಮೊದಲು ಓಡಿದ್ದು 1930ರ ಜೂನ್ 1ರಂದು, ಆಗ ಅದು ವಾರಾಂತ್ಯದ ಗಾಡಿ. ಮೂರನೇ ದರ್ಜೆ ಇದಕ್ಕೆ ಬಂದದ್ದು 1955ರಲ್ಲಿ. ಅಂದರೆ ಮೊದಲ ಇಪ್ಪತ್ತೈದು ವರ್ಷ ಸಾಮಾನ್ಯ ಜನ ಈ ರೈಲನ್ನು ಪ್ಲಾಟ್‌ಫಾರಂನಿಂದ ನೋಡಬಹುದಿತ್ತೇ ಹೊರತು ಹತ್ತುವಂತಿರಲಿಲ್ಲ. ರಜೆಗೆಂದು ಊರೂರು ತಿರುಗುವುದು ಆಗ ಕೆಲವರ ಸೊತ್ತು.

ಖಂಡಾಳಾ ದಾಟಿ ಘಾಟಿಯ ಸುರಂಗಗಳು ಶುರುವಾದ ಮೇಲೆ ಮಗ ಪ್ರತಿ ಸುರಂಗಕ್ಕೂ ಕೂಗಿ ಎಣಿಸತೊಡಗಿದ. ಭೋರ್ ಘಾಟಿಯ ಈ ದಾರಿಯ ಕೆಲಸ ಶುರುವಾದದ್ದು 1856ರಲ್ಲಿ, ರೈಲು ಓಡಿದ್ದು 1863ರಲ್ಲಿ. ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಂಗ್ಲೆಂಡಿನಿಂದ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಊರಿಗೆ ಮರಳದೆ ಗುತ್ತಿಗೆಯನ್ನು ತನ್ನ ಹೆಸರಿನಲ್ಲಿ ನಡೆಸಿ ಮುಗಿಸಿದಳು. ಅವಳ ಹೆಸರಾದರೂ ಉಳಿದಿದೆ. ಕಾಲರಾ, ಜ್ವರ, ಬಂಡೆ ಸಿಡಿತಗಳಿಂದ ಇಲ್ಲಿ ಸತ್ತ ಕೂಲಿಗಳು ಸುಮಾರು 25,000 ಎಂದು ಇತಿಹಾಸಕಾರರ ಅಂದಾಜು. ಅವರ ಹೆಸರು ಎಲ್ಲಿಯೂ ಇಲ್ಲ. ಮಗನ ಎಣಿಕೆ ಹನ್ನೊಂದಕ್ಕೆ ತಪ್ಪಿತು, ಮತ್ತೆ ಒಂದರಿಂದ ಶುರುಮಾಡಿದ.

ಸಣ್ಣ ಮಕ್ಕಳೊಂದಿಗೆ ದೊಡ್ಡ ಊರು ನೋಡುವವರಿಗೆ ನನ್ನ ಅನುಭವದ ಒಂದು ಮಾತು: ದಿನಕ್ಕೆ ಒಂದೇ ಜಾಗ ಸಾಕು. ವಿಟಿ ಸ್ಟೇಶನ್ನಿನ ಎದುರು ರಸ್ತೆಯಾಚೆ ನಿಂತು ಗೋಡೆಯ ಮೇಲಿನ ಪ್ರಾಣಿಗಳನ್ನು ಹುಡುಕುವುದರಲ್ಲೇ ನಮ್ಮ ಮಂಗಳವಾರ ಅರ್ಧ ಕಳೆಯಿತು. 1853ರ ಏಪ್ರಿಲ್ 16ರಂದು 14 ಡಬ್ಬಿಗಳಲ್ಲಿ 400 ಅತಿಥಿಗಳನ್ನು ಕೂರಿಸಿಕೊಂಡು ಮೊದಲ ರೈಲು ಠಾಣೆಗೆ ಹೊರಟದ್ದು ಇಲ್ಲಿಯೇ, ಬೋರಿಬಂದರಿನಿಂದ. ಅದನ್ನು ಎಳೆದ ಮೂರು ಎಂಜಿನ್ನುಗಳ ಹೆಸರು ಸಾಹಿಬ್, ಸಿಂಧ್, ಸುಲ್ತಾನ್ ಎಂದು ಹೇಳಿದೆ. ಮಕ್ಕಳಿಗೆ ಹೆಸರು ಹಿಡಿಸಿತು. ಆಮೇಲೆ ಮೂರು ದಿನ ಮಗನೇ ಸುಲ್ತಾನ್.

ಬುಧವಾರ ಮ್ಯೂಸಿಯಂ ಮುಗಿಸಿ ಊಟಕ್ಕೆ ಮಾಟುಂಗಾಕ್ಕೆ ಹೋದೆವು. ಬಾಳೆಲೆ, ಸಾರು, ಪಲ್ಯ. ಮಾಟುಂಗಾ ಎಂದರೆ ಮುಂಬಯಿಯ ನಮ್ಮವರಿಗೆ ತವರಿದ್ದ ಹಾಗೆ. ಎಲೆ ತೆಗೆಯಲು ಬಂದವರನ್ನು ಅಪ್ಪಯ್ಯ ಒಂದು ಕ್ಷಣ ದಿಟ್ಟಿಸಿದರು. ಮೂವತ್ತು ದಾಟಿದ ಗಂಡಸು. "ಈಗ ಮಾಣಿಗಳಿಲ್ಲ" ಎಂದರು, ಯಾರಿಗೂ ಅಲ್ಲದಂತೆ.

ಅಪ್ಪಯ್ಯ ಮುಂಬಯಿಗೆ ಬಂದದ್ದು 1966ರಲ್ಲಿ, ಹನ್ನೊಂದನೇ ವಯಸ್ಸಿಗೆ, ಕುಂದಾಪುರದ ಕಡೆಯಿಂದ ಊರಿನವರೊಬ್ಬರ ಜೊತೆ ಬಸ್ಸಿನಲ್ಲಿ. ಆರನೇ ಕ್ಲಾಸು ಅರ್ಧಕ್ಕೆ ನಿಂತಿತ್ತು. ಭಾಯಖಳಾದ ಬದಿಯ ಒಂದು ಹೋಟೆಲಿನಲ್ಲಿ ಮೊದಲು ಮೋರಿಯಲ್ಲಿ ಕಪ್ಪು ಬಶಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು. ಮಲಗುವುದು ಅದೇ ಟೇಬಲ್ಲುಗಳನ್ನು ಜೋಡಿಸಿಕೊಂಡು. ಎರಡು ವರ್ಷದ ಮೇಲೆ ದಣಿಗಳು ಕನ್ನಡದ ರಾತ್ರಿಶಾಲೆಗೆ ಹೋಗಲು ಬಿಟ್ಟರು. ಅಲ್ಲಿಂದ ಎಸ್‌ಎಸ್‌ಸಿ, ಅಲ್ಲಿಂದ ಪಿಂಪ್ರಿಯ ಕಾರ್ಖಾನೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಕಥೆ ಇದೇ ದಾರಿಯದು. ರಾತ್ರಿಶಾಲೆಗಳ ಬಗ್ಗೆ ನಾವು ಅಭಿಮಾನದಿಂದ ಬರೆಯುತ್ತೇವೆ, ಬರೆಯಲೇಬೇಕು. ಆದರೆ ಆ ಹುಡುಗರು ಹಗಲಿನಲ್ಲಿ ಯಾಕೆ ಶಾಲೆಗೆ ಹೋಗಲಿಲ್ಲ ಎಂಬ ಪ್ರಶ್ನೆಯನ್ನು ಅಭಿಮಾನ ಮುಚ್ಚಿಬಿಡುತ್ತದೆ.

"ಭಾನುವಾರ ರಜೆ ಇರ್ತಿರಲಿಲ್ವಾ ಅಜ್ಜಯ್ಯ?" ಎಂದು ಮಗಳು ಕೇಳಿದಳು.

"ಭಾನುವಾರ ಅಂದ್ರೆ ಕಪ್ಪು ಬಶಿ ರಾಶಿ" ಎಂದರು.

ಈ ಭಾನುವಾರಕ್ಕೂ ಮುಂಬಯಿಯಲ್ಲಿ ಒಂದು ಇತಿಹಾಸ ಉಂಟು. ಹತ್ತೊಂಬತ್ತನೇ ಶತಮಾನದ ಹತ್ತಿ ಗಿರಣಿಗಳಲ್ಲಿ ಬೆಳಕು ಹರಿದಾಗ ಕೆಲಸ ಶುರು, ಕತ್ತಲಾದಾಗ ಮುಕ್ತಾಯ. ವಾರದ ರಜೆ ಎಂಬುದಿಲ್ಲ. 1881ರ ಫ್ಯಾಕ್ಟರಿ ಕಾಯಿದೆ ಮಕ್ಕಳಿಗೆ ಮಾಡಿದ ಉಪಕಾರವೆಂದರೆ ಏಳು ವರ್ಷ ತುಂಬದವರನ್ನು ದುಡಿಸಬಾರದು, ಏಳರಿಂದ ಹನ್ನೆರಡರವರನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದು. ನನ್ನ ಮಗಳ ವಯಸ್ಸಿನವರಿಗೆ ಒಂಬತ್ತು ಗಂಟೆ! ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಒಡನಾಡಿ, 'ದೀನಬಂಧು' ಪತ್ರಿಕೆಯನ್ನು ನಡೆಸಿದ ನಾರಾಯಣ ಮೇಘಾಜಿ ಲೋಖಂಡೆ ತಾವೇ ಗಿರಣಿಯಲ್ಲಿ ಕೆಲಸ ಮಾಡಿದವರು. ವಾರಕ್ಕೊಂದು ರಜೆ ಬೇಕೆಂದು ಅವರು ಕಾರ್ಮಿಕರನ್ನು ಕೂಡಿಸಿ ವರ್ಷಗಟ್ಟಲೆ ಹೋರಾಡಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾಯಿದೆಯಲ್ಲಿ ವಾರದ ರಜೆ ಸೇರಿತು, ಮಕ್ಕಳ ಕನಿಷ್ಠ ವಯಸ್ಸು ಏಳರಿಂದ ಒಂಬತ್ತಕ್ಕೆ ಏರಿತು.

ಆದರೆ ಗಿರಣಿಯವನಿಗೆ ಭಾನುವಾರ ಸಿಕ್ಕಿದರೆ ಅವನು ಹೆಂಡತಿ ಮಕ್ಕಳೊಂದಿಗೆ ಹೋಗಿ ಚಹಾ ಕುಡಿಯುವ ಹೋಟೆಲಿನವನಿಗೆ ಅದು ವಾರದ ಅತಿ ಭಾರದ ದಿನವಾಯಿತು. ಹೋಟೆಲು, ಅಂಗಡಿಗಳವರಿಗೂ ವಾರಕ್ಕೊಂದು ದಿನ ರಜೆ ಎಂದು ಮುಂಬಯಿ ಪ್ರಾಂತದಲ್ಲಿ 1948ರಲ್ಲಿ ಕಾಯಿದೆಯಾಯಿತು. ಅಪ್ಪಯ್ಯನ ಹೋಟೆಲಿನಲ್ಲಿ ಅದು ಅರ್ಧ ದಿನವಾಗಿ ತಲುಪಿತ್ತು. ಹದಿನಾಲ್ಕರ ಒಳಗಿನ ಮಕ್ಕಳು ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ದುಡಿಯಬಾರದು ಎಂಬ ನಿಷೇಧ ದೇಶದಾದ್ಯಂತ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. 1881ರಿಂದ ಲೆಕ್ಕ ಹಾಕಿದರೆ 125 ವರ್ಷ.

ಗುರುವಾರ ಬೆಳಿಗ್ಗೆ ರಾಣಿಬಾಗ್. ಈಗಿನ ಹೆಸರು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ. 1862ರಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಎಂದು ತೆರೆದದ್ದು. 1872ರಲ್ಲಿ ಪಕ್ಕದಲ್ಲೇ ಮ್ಯೂಸಿಯಂ ಬಂತು, ಈಗ ಅದು ಭಾವು ದಾಜಿ ಲಾಡ್ ಅವರ ಹೆಸರಿನಲ್ಲಿದೆ. ತೋಟವನ್ನು ಹಿಗ್ಗಿಸಿ ಪ್ರಾಣಿಗಳನ್ನು ತಂದದ್ದು 1890ರಲ್ಲಿ, ಸುತ್ತಲಿನ ಗಿರಣಿಗಳವರಿಗೆ ಭಾನುವಾರ ಸಿಕ್ಕಿದ ಅದೇ ವರ್ಷ. ಎರಡಕ್ಕೂ ಸಂಬಂಧವಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ರಜೆ ಮತ್ತು ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಲು ಒಂದು ಜಾಗ, ಇವೆರಡೂ ಇದ್ದರೆ ತಾನೇ ಬಡವನಿಗೂ ಊರು ನೋಡುವ ಭಾಗ್ಯ.

ಸಿಯೋಲ್‌ನಿಂದ 2016ರಲ್ಲಿ ತಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳಿಂದ ಶುರುವಾದ ಬಳಗವನ್ನು ತಣ್ಣನೆಯ ಗಾಜಿನಾಚೆ ನೋಡಿದೆವು. ಮಕ್ಕಳಿಗಿಂತ ಹೆಚ್ಚು ಹೊತ್ತು ಅಲ್ಲಿ ನಿಂತವರು ಅಪ್ಪಯ್ಯ. ಆಮೇಲೆ ಮ್ಯೂಸಿಯಂ ಬದಿಯ ಕಲ್ಲಾನೆಯ ಹತ್ತಿರ ಬಂದೆವು. ಪೋರ್ಚುಗೀಸರು ಘಾರಾಪುರಿಗೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಈ ಆನೆಯನ್ನು ಕಂಡೇ. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟಾಗ ಕ್ರೇನ್ ಮುರಿದು ಆನೆ ಬಿದ್ದು ಚೂರಾಯಿತು. ಆ ಚೂರುಗಳನ್ನು ಜೋಡಿಸಿ ನಿಲ್ಲಿಸಿದ್ದು 1914ರಲ್ಲಿ. "ಐವತ್ತು ವರ್ಷ ಹಾಗೇ ಬಿದ್ದಿತ್ತಾ?" ಎಂದಳು ಮಗಳು. ಆಮೇಲೆ ಅಜ್ಜನ ಕಡೆ ತಿರುಗಿ, "ನೀವು ಸಣ್ಣವರಿದ್ದಾಗ ಇದನ್ನ ನೋಡಿದ್ರಾ?"

"ಗೇಟ್ ಕಂಡಿದೆ. ಒಳ್ಗ್ ಹೊಯ್ಲಿಲ್ಲ."

ಆಗ ಹೇಳಿದರು. ಅವರಿಗೆ ಸಿಗುತ್ತಿದ್ದ ಅರ್ಧ ದಿನದ ರಜೆ ಬುಧವಾರ ಮಧ್ಯಾಹ್ನ. ಬಂದ ಹೊಸತರಲ್ಲಿ ಹುಲಿ ನೋಡಬೇಕೆಂದು ಇನ್ನೊಬ್ಬ ಮಾಣಿಯ ಜೊತೆ ನಡೆದು ಬಂದರೆ ಗೇಟು ಹಾಕಿತ್ತು. ಮುಂದಿನ ವಾರವೂ ಬಂದರು, ಹಾಕಿತ್ತು. ಅಲ್ಲಿ ಬರೆದದ್ದು ಮರಾಠಿ, ಇಂಗ್ಲಿಷು, ಎರಡೂ ಓದಲು ಬಾರದು. ಮೂರನೇ ಸಲ ಯಾರೋ ದಾರಿಹೋಕರು ಹೇಳಿದರಂತೆ, ಬುಧವಾರ ಇದಕ್ಕೂ ರಜೆ ಎಂದು. ಆಮೇಲೆ ಬರಲಿಲ್ಲ. ದೊಡ್ಡವರಾದ ಮೇಲೆ ಯಾಕೆ ಬರಲಿಲ್ಲ ಎಂದು ನಾನು ಕೇಳಿದೆ. "ದೊಡ್ಡೋರಾದ್ ಮೇಲೆ ಹುಲಿ ಯಾರಿಗ್ ಬೇಕ್?" ಎಂದು ನಕ್ಕರು.

ನನ್ನನ್ನು ಚಿಕ್ಕಂದಿನಲ್ಲಿ ಅವರು ಎಲ್ಲೆಲ್ಲಿಗೋ ಕರೆದೊಯ್ದಿದ್ದಾರೆ. ಶನಿವಾರವಾಡಾ, ಸಿಂಹಗಡ, ಊರಿಗೆ ಹೋದಾಗ ಕೊಲ್ಲೂರು. ಮುಂಬಯಿಗೆ ಮಾತ್ರ ಇಲ್ಲ. ನಾನು ಅದನ್ನು ಖರ್ಚಿನ ಲೆಕ್ಕ ಎಂದುಕೊಂಡಿದ್ದೆ.

ಹೊರಗೆ ಬರುವಾಗ ಹನ್ನೆರಡು ದಾಟಿತ್ತು. ಸುಲ್ತಾನ್ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಗೇಟಿನ ಬಳಿಯ ಫಲಕದ ಮುಂದೆ ಅಪ್ಪಯ್ಯ ನಿಂತರು. ಈಗ ಅವರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೂ ನಿಧಾನವಾಗಿ, ಮೊದಲಿನಿಂದ ಕೊನೆಯವರೆಗೆ, ಸಮಯ, ಟಿಕೆಟು, ಬುಧವಾರ ಬಂದ್, ಎಲ್ಲವನ್ನೂ ಓದಿದರು. ಆಮೇಲೆ ಅಳಿಯನ ಕೈಗೆ ಮೊಬೈಲು ಕೊಟ್ಟು, ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, "ಬೋರ್ಡ್ ಕಾಂಬಂಗೆ ತೆಗಿ" ಎಂದರು.